ನಾಟಕದ ಹಳೆಯ ಕರಪತ್ರಗಳು



ನಾಟಕವು ಮುಗಿದ ಮರುದಿನ ಅದರ ಕರಪತ್ರಕ್ಕಿಂತ ನಿರುಪಯುಕ್ತವಾದ ಕಾಗದ ಮತ್ತೊಂದಿಲ್ಲವೆಂದು ತೋರುವುದು ಸಹಜ. ಅಂಗಡಿಯವನು ಅದರಲ್ಲಿ ಕಡಲೆ ಕಟ್ಟುತ್ತಾನೆ. ಮಕ್ಕಳು ದೋಣಿ ಮಾಡುತ್ತಾರೆ. ಹೀಗೆ ಎಲ್ಲರೂ ಎಸೆಯುವುದರಿಂದಲೇ ಉಳಿದ ಒಂದೆರಡಕ್ಕೆ ಬೆಲೆ ಬರುತ್ತದೆ. ಆ ಬೆಲೆ ಹಣದ ಬೆಲೆ ಮಾತ್ರವಲ್ಲವೆಂಬುದಕ್ಕೆ ಒಂದು ನಿದರ್ಶನವನ್ನು ಹೇಳುತ್ತೇನೆ.

ಇಂಗ್ಲೆಂಡಿನಿಂದ ಕೈದಿಗಳನ್ನು ಹೊತ್ತು 1788ರಲ್ಲಿ ಆಸ್ಟ್ರೇಲಿಯಾವನ್ನು ಮುಟ್ಟಿದ ಮೊದಲ ಹಡಗುಗಳಲ್ಲಿ ಒಂದು ಮುದ್ರಣಯಂತ್ರವೂ ಇದ್ದಿತು. ಅದನ್ನು ನಡೆಸಬಲ್ಲವರು ಮಾತ್ರ ಇರಲಿಲ್ಲ. ಕೆಲವು ವರ್ಷಗಳ ತರುವಾಯ ಜಾರ್ಜ್ ಹ್ಯೂಸ್ ಎಂಬಾತನು ಅದನ್ನು ನಡೆಸತೊಡಗಿದನು. 1796ನೆಯ ಜುಲೈ 30ರಂದು ಸಿಡ್ನಿಯ ನಾಟಕಶಾಲೆಯಲ್ಲಿ ನಿಕೊಲಾಸ್ ರೋ ಕವಿಯ ‘ಜೇನ್ ಶೋರ್’ ನಾಟಕವನ್ನಾಡಿದಾಗ ಅದರ ಕರಪತ್ರವನ್ನು ಅಚ್ಚುಹಾಕಿದವನು ಅವನೇ. ಅಲ್ಲಿ ಆಡುತ್ತಿದ್ದವರು ಬಹುಮಟ್ಟಿಗೆ ಕೈದಿಗಳು. ಕೈಯಲ್ಲಿ ಕಾಸಿಲ್ಲದ ಪ್ರೇಕ್ಷಕರು ಹಿಟ್ಟನ್ನೋ ಮಾಂಸವನ್ನೋ ಕೊಟ್ಟು ಒಳಕ್ಕೆ ಹೋಗಬಹುದಾಗಿತ್ತು. ಆಸ್ಟ್ರೇಲಿಯಾದಲ್ಲಿ ಅಚ್ಚಾಗಿ ಇಂದಿಗೂ ಉಳಿದಿರುವ ಕಾಗದಗಳಲ್ಲೆಲ್ಲ ಈ ಕರಪತ್ರವೇ ಅತ್ಯಂತ ಹಳೆಯದು. ಆದರೆ ಅದು ದೊರೆತದ್ದು ಆ ದೇಶದಲ್ಲಲ್ಲ. ಕೆನಡಾ ದೇಶದ ರಾಷ್ಟ್ರೀಯ ಗ್ರಂಥಾಲಯದಲ್ಲಿ, ಹಳೆಯ ಕಾಗದಗಳನ್ನು ಅಂಟಿಸಿಟ್ಟಿದ್ದ ಒಂದು ಪುಸ್ತಕದೊಳಗೆ ಅದು ಅಡಗಿತ್ತು. 2007ರಲ್ಲಿ ಕೆನಡಾ ಸರ್ಕಾರವು ಅದನ್ನು ಆಸ್ಟ್ರೇಲಿಯಾಕ್ಕೆ ಕಾಣಿಕೆಯಾಗಿ ಒಪ್ಪಿಸಿತು. ಯಾರೋ ಒಬ್ಬರು ಅಂದು ಆ ಒಂದು ಹಾಳೆಯನ್ನು ಎಸೆಯದೆ ಎತ್ತಿಟ್ಟುದರ ಫಲವಿದು!

ಎತ್ತಿಟ್ಟರೆ ಮಾತ್ರ ಸಾಲದು, ಓದಲೂ ತಿಳಿದಿರಬೇಕು. ಎಷ್ಟೋ ಕರಪತ್ರಗಳಲ್ಲಿ ವಾರ, ತಿಂಗಳು, ತಾರೀಖುಗಳಿರುತ್ತವೆ, ವರ್ಷವಿರುವುದಿಲ್ಲ. ಅಂದಿನ ಪ್ರೇಕ್ಷಕನಿಗೆ ಅದು ತಿಳಿದೇ ಇತ್ತಷ್ಟೆ. ಒಂದು ತಾರೀಖು ಅದೇ ವಾರದಂದು ಮರಳಿ ಬರುವುದು ಸಾಮಾನ್ಯವಾಗಿ ಐದು, ಆರು ಅಥವಾ ಹನ್ನೊಂದು ವರ್ಷಗಳಿಗೊಮ್ಮೆಯಾದುದರಿಂದ, ಲೆಕ್ಕ ಹಾಕಿದರೆ ಕೆಲವೇ ವರ್ಷಗಳು ಉಳಿಯುತ್ತವೆ. ಮಿಕ್ಕ ಸಂದೇಹವನ್ನು ಪತ್ರದ ಒಳಮಾತುಗಳೇ ಕಳೆಯುತ್ತವೆ. ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆಯ ಒಳಗೆ ಗ್ಯಾಸ್ ದೀಪಗಳು ಬೆಳಗಿದ್ದು 1817ರಲ್ಲಿ. ಅಲ್ಲಿಯ ಪತ್ರವೊಂದು ತನ್ನ ರಂಗದ ಗ್ಯಾಸ್ ಬೆಳಕನ್ನು ಹೊಗಳಿದ್ದರೆ ಅದು ಅದಕ್ಕೆ ಹಿಂದಿನದಾಗಲಾರದು. ಬ್ರಿಟನ್ನಿನಲ್ಲಿ 1799ರ ಶಾಸನವು ಮುದ್ರಿತ ಪತ್ರಗಳ ಮೇಲೆ ಮುದ್ರಕನ ಹೆಸರು ವಿಳಾಸಗಳನ್ನು ಕಡ್ಡಾಯ ಮಾಡಿದುದರಿಂದ ಕೆಳಗಿನ ಸಣ್ಣಕ್ಷರದ ಸಾಲೂ ಒಂದು ಸಾಕ್ಷಿ. ಅಂದಕ್ಕಾಗಿ ಅಂಚನ್ನು ಕತ್ತರಿಸಿದವರು ಈ ಸಾಕ್ಷಿಯನ್ನೇ ಕತ್ತರಿಸಿದಂತಾಯಿತು.

ನಮ್ಮ ನಾಡಿನಲ್ಲಿಯೂ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯೇ ಮೊದಲಾದ ನಾಟಕಮಂಡಲಿಗಳು ಊರೂರು ತಿರುಗಿ ಆಡಿದವು. ಕರಪತ್ರಗಳನ್ನು ಬೀದಿ ಬೀದಿಯಲ್ಲಿ ಹಂಚಿಸಿದವು. ಯಾವ ರಾತ್ರಿ, ಯಾವ ಊರು, ಯಾರ ಪಾತ್ರ, ಎಷ್ಟು ದರ ಎಂಬುದನ್ನು ಅವುಗಳಷ್ಟು ನಿಖರವಾಗಿ ಹೇಳುವ ದಾಖಲೆಗಳು ವಿರಳ. ತಮ್ಮ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಅಂಥದೊಂದು ದೊರೆತರೆ ದಯವಿಟ್ಟು ಅಂಟಿಸಬೇಡಿ, ಅಂಚು ಕತ್ತರಿಸಬೇಡಿ. ಬಿಡಿಸಿ, ಸಮವಾಗಿ ಒಂದು ಲಕೋಟೆಯಲ್ಲಿಡಿ. ಅದು ಯಾರಿಂದ, ಎಲ್ಲಿಂದ ಬಂದಿತೆಂದು ಲಕೋಟೆಯ ಮೇಲೆ ಸೀಸದ ಕಡ್ಡಿಯಿಂದ ಬರೆಯಿರಿ. ನಟನ ಕಂಠ ಗಾಳಿಯಲ್ಲಿ ಕರಗಿಹೋಗಿದೆ. ಅವನು ಹಾಡಿದ ರಾತ್ರಿಯ ಗುರುತಾದರೂ ಉಳಿಯಲಿ.