ಏರು ಹತ್ತಲು ಒಂದು ಲೆಕ್ಕ

ಮಕ್ಕಳೇ, ನೀವು ಸೈಕಲ್ ತುಳಿಯುವ ದಾರಿಯಲ್ಲಿ ಒಂದು ದೊಡ್ಡ ಏರು ಇದೆ ಎಂದುಕೊಳ್ಳಿ. ಹೇಗೆ ಹತ್ತುತ್ತೀರಿ? ಹೆಚ್ಚಿನವರು ದೂರದಿಂದಲೇ ಜೋರಾಗಿ ತುಳಿದು ನುಗ್ಗುತ್ತಾರೆ. ಚಿಕ್ಕ ಏರಾದರೆ ಆ ವೇಗವೇ ದಾಟಿಸಿಬಿಡುತ್ತದೆ. ಉದ್ದದ ಏರಾದರೆ ಅರ್ಧಕ್ಕೇ ಏದುಸಿರು ಬರುತ್ತದೆ. "ನನ್ನಲ್ಲಿ ಶಕ್ತಿಯೇ ಇಲ್ಲ" ಎಂದು ಬೇಸರವಾಗುತ್ತದೆ. ಶಕ್ತಿ ಇದೆ, ಅದನ್ನು ಬೇಗ ಖರ್ಚು ಮಾಡಿದ್ದೀರಿ ಅಷ್ಟೆ!

ಲೆಕ್ಕ ಹಾಕೋಣ. ನೀವು, ಸೈಕಲ್, ಪುಸ್ತಕದ ಚೀಲ ಸೇರಿ 50 ಕಿಲೋಗ್ರಾಂ ಇರಲಿ. ಏರಿನ ಎತ್ತರ 10 ಮೀಟರ್. ಇಷ್ಟು ಭಾರವನ್ನು ಮೇಲಕ್ಕೆ ಒಯ್ಯಲು ಸುಮಾರು 4900 ಜೂಲ್ ಕೆಲಸ ಆಗಲೇಬೇಕು. 1 ನಿಮಿಷದಲ್ಲಿ ಹತ್ತಿದರೆ ಕಾಲುಗಳು ಪ್ರತಿ ಸೆಕೆಂಡಿಗೆ ಸುಮಾರು 82 ಜೂಲ್ ಕೊಡಬೇಕು. 2 ನಿಮಿಷ ತೆಗೆದುಕೊಂಡರೆ 41 ಜೂಲ್ ಸಾಕು. ಆತುರಪಟ್ಟಾಗ ಸ್ನಾಯುಗಳಿಗೆ ಆಮ್ಲಜನಕ ಸಾಲದೆ ಅವು ಬೇಗ ದಣಿಯುತ್ತವೆ. ಆದ್ದರಿಂದ ಬುಡದಲ್ಲೇ ನಿಧಾನವಾಗಿ, ಒಂದೇ ಸಮನೆ ತುಳಿಯಿರಿ.

ಇಳಿಜಾರು ಕಡಿಮೆಯಾದಷ್ಟೂ ಬೇಕಾಗುವ ಬಲವೂ ಕಡಿಮೆ. ಆಗುಂಬೆ ಘಾಟಿಯ ರಸ್ತೆ ನೇರವಾಗಿ ಏರದೆ 14 ತಿರುವುಗಳಲ್ಲಿ ಸುತ್ತಿ ಏರುವುದು ಇದಕ್ಕೇ. ಹಾಗೆಂದು ವಾಹನಗಳು ಓಡಾಡುವ ರಸ್ತೆಯಲ್ಲಿ ನೀವು ಅಡ್ಡಾದಿಡ್ಡಿ ಹೋಗಬೇಡಿ!

ಮಾಡಿ ನೋಡಿ: ಸೈಕಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಹಿಂದಿನ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ. ಚೈನಿನಿಂದ ಬೆರಳು ದೂರವಿಟ್ಟು, ಪೆಡಲನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಚಕ್ರ ಎಷ್ಟು ಸುತ್ತು ತಿರುಗಿತು? ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 22 ಹಲ್ಲು ಇದ್ದರೆ ಚಕ್ರ 2 ಸುತ್ತು ತಿರುಗುತ್ತದೆ. ನಿಮ್ಮ ಸೈಕಲಿನ ಹಲ್ಲುಗಳನ್ನು ಎಣಿಸಿ, ಭಾಗಿಸಿ, ಹೋಲಿಸಿ. ಗೇರ್ ಸೈಕಲಿನಲ್ಲಿ ಏರು ಬಂದಾಗ ಚೈನನ್ನು ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಬದಲಿಸುತ್ತಾರೆ. ಆಗ ಒಂದು ತುಳಿತಕ್ಕೆ ಸೈಕಲ್ ಸಾಗುವ ದೂರ ಕಡಿಮೆ, ಕಾಲಿನ ಮೇಲಿನ ಹೊರೆಯೂ ಕಡಿಮೆ.

ನಿಮ್ಮದು ಗೇರ್ ಇಲ್ಲದ ಸೈಕಲ್ಲೇ? ಚಿಂತೆ ಬೇಡ. ಟೈರಿಗೆ ಗಾಳಿ, ಚೈನಿಗೆ ಎಣ್ಣೆ ಸರಿಯಾಗಿರಲಿ. ಪೆಡಲ್ ಕೆಳಗಿದ್ದಾಗ ಮೊಣಕಾಲು ತುಸು ಮಾತ್ರ ಬಾಗುವಂತೆ ಸೀಟಿನ ಎತ್ತರ ಇಡಿಸಿಕೊಳ್ಳಿ. ತೀರ ಕಷ್ಟವಾದಾಗ ಸೀಟಿನಿಂದ ಎದ್ದು, ಮೈಭಾರವನ್ನು ಪೆಡಲಿನ ಮೇಲೆ ಬಿಡಿ. ದಿನವೂ ತುಳಿದರೆ ಕಾಲಿಗೂ ಉಸಿರಿಗೂ ರೂಢಿಯಾಗುತ್ತದೆ.

ಆಗಲೂ ಸಾಧ್ಯವಾಗದಿದ್ದರೆ ಇಳಿದು ತಳ್ಳಿ. ಅದು ಸೋಲಲ್ಲ. ಅದೇ ಕೆಲಸವನ್ನು ಇನ್ನಷ್ಟು ಹೊತ್ತಿಗೆ ಹಂಚುತ್ತಿದ್ದೀರಿ. ಹೊರಡುವ ಮುನ್ನ ಎರಡೂ ಬ್ರೇಕ್ ಪರೀಕ್ಷಿಸುವುದನ್ನು ಮಾತ್ರ ಮರೆಯಬೇಡಿ. ಹತ್ತಿದ ಮೇಲೆ ಇಳಿಯಲೇಬೇಕಲ್ಲವೇ?