ಮದ್ದು ನಾಟದ ರೋಗಾಣು: ಕೆರೆ, ಗದ್ದೆ, ಕೊಟ್ಟಿಗೆಯಲ್ಲೂ ಅದರ ಸಂಸಾರ

‘ಡಾಕ್ಟ್ರೇ, ಹೋದ ಸಲ ಕೊಟ್ಟ ಮಾತ್ರೆ ಈ ಸಲ ನಾಟಲಿಲ್ಲ. ಸ್ವಲ್ಪ ಪವರ್ ಇರೋದು ಕೊಡಿ.’ ಶಿಕಾರಿಪುರ, ಸೊರಬದ ಕಡೆ ರೋಗಿಗಳನ್ನು ನೋಡುವ ಯಾವ ವೈದ್ಯರಿಗೂ ಈ ಮಾತು ಹೊಸದಲ್ಲ. ಮಾತ್ರೆ ನುಂಗಿ ನುಂಗಿ ದೇಹಕ್ಕೆ ಅದು ಒಗ್ಗಿಹೋಗಿದೆ ಎಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು ಕಲ್ಪನೆ. ಒಗ್ಗಿಹೋಗಿರುವುದು ನಿಮ್ಮ ದೇಹವಲ್ಲ, ದೇಹದೊಳಗೆ ಸೇರಿಕೊಂಡಿರುವ ರೋಗಾಣು. ಆಂಟಿಬಯೋಟಿಕ್ ಎಂದು ಕರೆಯುವ ಔಷಧಿಗಳನ್ನು ಎದುರಿಸಿ ಬದುಕುವ ವಿದ್ಯೆಯನ್ನು ಅದು ಕಲಿತಿರುತ್ತದೆ.

ಇನ್ನೊಂದು ತಪ್ಪು ಕಲ್ಪನೆಯೂ ಉಂಟು. ‘ನಾನು ಮಾತ್ರೆ ಮುಟ್ಟುವವನೇ ಅಲ್ಲ, ನನಗೇನು ಭಯ?’ ಎನ್ನುವವರಿದ್ದಾರೆ. ದುರದೃಷ್ಟವೆಂದರೆ, ನೀವು ನುಂಗದ ಮಾತ್ರೆಯ ಫಲವೂ ನಿಮಗೆ ತಟ್ಟಬಹುದು. ಮದ್ದಿಗೆ ಬಗ್ಗದ ಈ ಗುಣ ಆಸ್ಪತ್ರೆಯ ಗೋಡೆಯೊಳಗೆ ಮಾತ್ರ ಇರುವುದಿಲ್ಲ. ಅದು ಚರಂಡಿಯ ನೀರಿನಲ್ಲಿ, ಗೊಬ್ಬರದಲ್ಲಿ, ಮಣ್ಣಿನಲ್ಲಿ, ಹಕ್ಕಿಯ ಹೊಟ್ಟೆಯಲ್ಲಿ ಸಂಚರಿಸುತ್ತದೆ. ಹೇಗೆಂಬುದನ್ನು ಈ ವಾರ ನೋಡೋಣ.

ಮಣ್ಣೇ ಔಷಧಿಯ ತವರು

ಆಂಟಿಬಯೋಟಿಕ್‌ಗಳಲ್ಲಿ ಅನೇಕವು ಮೂಲತಃ ಮನುಷ್ಯ ಕಂಡುಹಿಡಿದ ವಸ್ತುಗಳಲ್ಲ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳೇ ಅವನ್ನು ತಯಾರಿಸುತ್ತವೆ. ಕ್ಷಯರೋಗಕ್ಕೆ ಮೊದಲ ಸಮರ್ಥ ಔಷಧಿಯಾದ ಸ್ಟ್ರೆಪ್ಟೋಮೈಸಿನ್ 1943ರಲ್ಲಿ ಅಮೆರಿಕದ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಇಂಥ ಒಂದು ಮಣ್ಣಿನ ಜೀವಿಯಿಂದಲೇ ದೊರೆಯಿತು. ಒಂದು ಹಿಡಿ ಮಣ್ಣಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಜಾಗಕ್ಕಾಗಿ, ಆಹಾರಕ್ಕಾಗಿ ಸೆಣಸುತ್ತಿರುತ್ತವೆ. ಒಂದು ವಿಷ ಕಾರಿದರೆ ಇನ್ನೊಂದು ಅದಕ್ಕೆ ಗುರಾಣಿ ಹಿಡಿಯುತ್ತದೆ. ಕೆನಡಾದ ಯೂಕಾನ್ ಪ್ರದೇಶದಲ್ಲಿ ಸುಮಾರು 30,000 ವರ್ಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣಿನಲ್ಲಿಯೂ ಇಂಥ ಗುರಾಣಿಯ ಜೀನ್‌ಗಳಿದ್ದುದನ್ನು ವಿಜ್ಞಾನಿಗಳು 2011ರಲ್ಲಿ ವರದಿ ಮಾಡಿದರು.

ಅಂದಮೇಲೆ ಪ್ರತಿರೋಧ ಹೊಸದೇನಲ್ಲ. ಹೊಸದು ಯಾವುದೆಂದರೆ, ನಾವು ಟನ್‌ಗಟ್ಟಲೆ ಔಷಧಿ ತಯಾರಿಸಿ, ನುಂಗಿ, ಚೆಲ್ಲಿ, ಅಪರೂಪಕ್ಕೆ ಇದ್ದ ಈ ಗುಣಕ್ಕೆ ನೀರು ಗೊಬ್ಬರ ಹಾಕಿ ಬೆಳೆಸಿರುವುದು.

ಬಿತ್ತನೆ ಬೀಜದಂತೆ ಕೈ ಬದಲಾಗುವ ಗುಣ

ಜೀನ್ ಎಂದರೆ ಒಂದು ಜೀವಿಯ ಗುಣವನ್ನು ಬರೆದಿಟ್ಟ ಚೀಟಿ ಇದ್ದಂತೆ. ನಮ್ಮಲ್ಲಿ ಅದು ತಂದೆ ತಾಯಿಯಿಂದ ಮಕ್ಕಳಿಗೆ ಮಾತ್ರ ಬರುತ್ತದೆ. ಬ್ಯಾಕ್ಟೀರಿಯಾಗಳ ರೀತಿ ಬೇರೆ. ಒಳ್ಳೆಯ ಭತ್ತದ ಬೀಜ ಒಂದು ಮನೆಯಿಂದ ಪಕ್ಕದ ಮನೆಗೆ, ಅಲ್ಲಿಂದ ಮುಂದಿನ ಊರಿಗೆ ಹೋಗುವುದಿಲ್ಲವೆ? ಹಾಗೆಯೇ ಒಂದು ಬ್ಯಾಕ್ಟೀರಿಯಾ ತನ್ನ ಚೀಟಿಯ ನಕಲನ್ನು ನೆರೆಯ ಬ್ಯಾಕ್ಟೀರಿಯಾಕ್ಕೆ ಕೊಡಬಲ್ಲದು. ನೆರೆಯದು ಬೇರೆ ಜಾತಿಯದಾದರೂ ಅಡ್ಡಿಯಿಲ್ಲ.

ಇದು ಮೂರು ರೀತಿಯಲ್ಲಿ ನಡೆಯುತ್ತದೆ. ಎರಡು ಬ್ಯಾಕ್ಟೀರಿಯಾಗಳು ಒಂದನ್ನೊಂದು ತಗುಲಿಕೊಂಡು ಪ್ಲಾಸ್ಮಿಡ್ ಎಂಬ ಸಣ್ಣ ಉಂಗುರದಂಥ ಡಿಎನ್ಎ ಹಂಚಿಕೊಳ್ಳಬಹುದು. ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್‌ಗಳು ಒಂದರಿಂದ ಇನ್ನೊಂದಕ್ಕೆ ಹೊತ್ತೊಯ್ಯಬಹುದು. ಸತ್ತು ಒಡೆದ ಬ್ಯಾಕ್ಟೀರಿಯಾದಿಂದ ಹೊರಬಿದ್ದ ಡಿಎನ್ಎ ತುಣುಕನ್ನು ಬದುಕಿರುವುದು ಹೀರಿಕೊಳ್ಳಬಹುದು. ಇವುಗಳಲ್ಲಿ ಪ್ಲಾಸ್ಮಿಡ್‌ನ ದಾರಿಯೇ ಹೆಚ್ಚು ಅಪಾಯದ್ದು. ಒಂದೇ ಉಂಗುರದಲ್ಲಿ ನಾಲ್ಕೈದು ಔಷಧಿಗಳನ್ನು ಎದುರಿಸುವ ಜೀನ್‌ಗಳು ಒಟ್ಟಿಗೆ ಇರಬಲ್ಲವು. 1950ರ ದಶಕದ ಕೊನೆಯಲ್ಲಿ ಜಪಾನಿನ ವೈದ್ಯರು ಆಮಶಂಕೆಯ ರೋಗಾಣುಗಳಲ್ಲಿ ಇದನ್ನು ಮೊದಲು ಗುರುತಿಸಿದರು.

ಇದರ ಪರಿಣಾಮ ಎಷ್ಟು ಗಂಭೀರ ಎನ್ನುವುದಕ್ಕೆ ಟೈಫಾಯ್ಡನ್ನೇ ನೋಡಿ. ಒಂದು ಕಾಲದಲ್ಲಿ ಕ್ಲೋರಾಂಫೆನಿಕಾಲ್‌ಗೆ ಬಗ್ಗುತ್ತಿದ್ದ ಈ ಜ್ವರ, 1990ರ ಹೊತ್ತಿಗೆ ಅದಕ್ಕೆ ಜಗ್ಗದಾಯಿತು. ಅನಂತರ ಬಂದ ಸಿಪ್ರೋಫ್ಲಾಕ್ಸಾಸಿನ್ ಕೂಡ ಕ್ರಮೇಣ ಸೋತಿತು. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ, ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದಿಗೂ ಮಣಿಯದ ಟೈಫಾಯ್ಡ್ ಹರಡಿತು. ಪರೀಕ್ಷಿಸಿ ನೋಡಿದರೆ, ಆ ರೋಗಾಣು ಹೊಸದೊಂದು ಪ್ಲಾಸ್ಮಿಡ್ ಪಡೆದುಕೊಂಡಿತ್ತು. ಅಂಥದೇ ಪ್ಲಾಸ್ಮಿಡ್ ನಮ್ಮ ಕರುಳಿನಲ್ಲಿ ಸಾಮಾನ್ಯವಾಗಿ ಇರುವ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಮೊದಲೇ ಕಂಡುಬಂದಿತ್ತು. ಯಾರಿಗೂ ತೊಂದರೆ ಕೊಡದೆ ಇದ್ದ ಜೀವಿಗಳಿಂದಲೇ ರೋಗಾಣುವಿನ ಕೈಗೆ ಆಯುಧ ಹೀಗೆ ಸೇರುತ್ತದೆ.

ನೀರಿಗೆ ಸೇರುವುದು ಹೇಗೆ?

ನೀವು ನುಂಗಿದ ಮಾತ್ರೆ ದೇಹದಲ್ಲೇ ಪೂರ್ತಿ ಕರಗಿಹೋಗುವುದಿಲ್ಲ. ಅಮಾಕ್ಸಿಸಿಲಿನ್‌ನ ಸುಮಾರು ಶೇ. 60ರಷ್ಟು ಭಾಗ ಕೆಲವೇ ಗಂಟೆಗಳಲ್ಲಿ ಮೂತ್ರದ ಮೂಲಕ ಇದ್ದಂತೆಯೇ ಹೊರಬೀಳುತ್ತದೆ. ಅಂದರೆ 500 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ 300 ಮಿಲಿಗ್ರಾಂ ಪಾಯಿಖಾನೆಯ ಗುಂಡಿಗೆ ಹೋಯಿತು. ಅದರ ಜೊತೆಗೆ ಆ ಔಷಧಿಗೆ ಸಾಯದೆ ಉಳಿದ ಕರುಳಿನ ಬ್ಯಾಕ್ಟೀರಿಯಾಗಳೂ ಮಲದಲ್ಲಿ ಹೋಗುತ್ತವೆ. ಔಷಧಿ ಮತ್ತು ಅದನ್ನು ಗೆದ್ದ ಜೀವಿಗಳು ಒಂದೇ ಕಡೆ ಸೇರಿದರೆ, ದುರ್ಬಲವಾದವು ಸತ್ತು ಗೆದ್ದವೇ ಬೆಳೆಯುತ್ತವೆ. ಔಷಧಿ ತೀರಾ ಸ್ವಲ್ಪವಿದ್ದರೂ ಈ ಆಯ್ಕೆ ನಡೆಯುತ್ತದೆ ಎಂಬುದು ಈಗ ತಿಳಿದಿದೆ.

ಹೈದರಾಬಾದಿನ ಬಳಿಯ ಪಟನ್‌ಚೆರುವಿನಲ್ಲಿ ಹಲವು ಔಷಧಿ ಕಾರ್ಖಾನೆಗಳ ಕೊಳಚೆ ಬರುವ ಶುದ್ಧೀಕರಣ ಘಟಕದಿಂದ ಹೊರಬಿಟ್ಟ ನೀರನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಒಂದು ಲೀಟರ್ ನೀರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೋಫ್ಲಾಕ್ಸಾಸಿನ್ ಇತ್ತು. ಇದು ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿರುವ ಪ್ರಮಾಣಕ್ಕಿಂತ ಹೆಚ್ಚು!

ದೆಹಲಿಯ ಕಥೆ ಇನ್ನೂ ಹತ್ತಿರದ್ದು. ಎನ್‌ಡಿಎಂ-1 ಎಂಬ ಜೀನ್ ಇರುವ ಬ್ಯಾಕ್ಟೀರಿಯಾದ ಮೇಲೆ, ಕೊನೆಯ ಅಸ್ತ್ರವೆಂದು ವೈದ್ಯರು ಇಟ್ಟುಕೊಂಡಿರುವ ಕಾರ್ಬಪೆನೆಮ್ ಗುಂಪಿನ ಔಷಧಿಗಳೂ ನಾಟುವುದಿಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೆಹಲಿಯ ಬೀದಿಗಳಲ್ಲಿ ನಿಂತ ಹಾಗೂ ಒಸರುವ ನೀರಿನ 171 ಮಾದರಿಗಳ ಪೈಕಿ 51ರಲ್ಲಿ, ನಲ್ಲಿ ನೀರಿನ 50 ಮಾದರಿಗಳ ಪೈಕಿ 2ರಲ್ಲಿ ಈ ಜೀನ್ ಸಿಕ್ಕಿತು. ಇದು ಆಸ್ಪತ್ರೆಯ ವಾರ್ಡಿನ ಮಾತಲ್ಲ, ಜನ ಓಡಾಡುವ ಬೀದಿಯ ಮಾತು. ಈ ಪ್ಲಾಸ್ಮಿಡ್ 30 ಡಿಗ್ರಿ ಉಷ್ಣತೆಯಲ್ಲಿ ಹೆಚ್ಚು ಸುಲಭವಾಗಿ ಕೈ ಬದಲಾಯಿಸುತ್ತದೆ ಎಂಬುದನ್ನೂ ಅದೇ ಅಧ್ಯಯನ ತೋರಿಸಿತು. ನಮ್ಮ ದೇಶದ ಹವೆಯಲ್ಲಿ ವರ್ಷದ ಹಲವು ತಿಂಗಳು ನಿಂತ ನೀರು ಸುಮಾರಾಗಿ ಅಷ್ಟೇ ಬೆಚ್ಚಗಿರುತ್ತದೆ.

ದೊಡ್ಡ ಊರಿನ ಪಾಡು ನಮಗೇಕೆ ಎನ್ನಬೇಡಿ. ನಮ್ಮ ಕಡೆ ಮಳೆಗಾಲದಲ್ಲಿ ಬಾವಿಯ ನೀರು ಕೈಗೆಟುಕುವಷ್ಟು ಮೇಲೆ ಬರುತ್ತದೆ. ಪಾಯಿಖಾನೆಯ ಗುಂಡಿಯೂ ಆಗ ತುಂಬಿ, ಒಳಗಿದ್ದುದು ಸುತ್ತಲ ಮಣ್ಣಿಗೆ ಇಳಿಯುತ್ತದೆ. ಬಾವಿಗೂ ಗುಂಡಿಗೂ ಸಾಕಷ್ಟು ಅಂತರವಿಲ್ಲದಿದ್ದರೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಶಿಕಾರಿಪುರದ ಕುಮುದ್ವತಿ ಆಗಲಿ, ಸೊರಬದ ದಂಡಾವತಿ ಆಗಲಿ, ಕೊನೆಗೆ ಸೇರುವುದು ತುಂಗಭದ್ರೆಯನ್ನೇ. ಮೇಲಿನ ಊರು ಬಿಟ್ಟದ್ದನ್ನು ಕೆಳಗಿನ ಊರು ಕುಡಿಯುತ್ತದೆ.

ಕೊಟ್ಟಿಗೆ, ಕೋಳಿ ಫಾರಂ, ತೋಟ

ಹಸುವಿಗೆ ಕೆಚ್ಚಲು ಬಾವು ಬಂದಾಗ ಆಂಟಿಬಯೋಟಿಕ್ ಕೊಡುವುದು ಸರಿಯೇ. ಆದರೆ ಔಷಧಿ ಕೊಟ್ಟ ದಿನಗಳಲ್ಲಿ ಮತ್ತು ಆಮೇಲೆ ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೈರಿಗೆ ಹಾಕಬಾರದು, ಮನೆಯಲ್ಲಿಯೂ ಬಳಸಬಾರದು. ಕೋಳಿ ಫಾರಂಗಳಲ್ಲಿ ರೋಗವಿಲ್ಲದಿದ್ದರೂ ಬೇಗ ತೂಕ ಬರಲೆಂದು ಆಹಾರದಲ್ಲಿ ಆಂಟಿಬಯೋಟಿಕ್ ಬೆರೆಸುವ ಪದ್ಧತಿ ಬಹಳ ಅಪಾಯದ್ದು. ಮನುಷ್ಯರಿಗೆ ಕೊನೆಯ ಗಳಿಗೆಯಲ್ಲಿ ಬಳಸುವ ಕೊಲಿಸ್ಟಿನ್ ಎಂಬ ಔಷಧಿಯನ್ನು ಎದುರಿಸುವ ಜೀನ್ ಪ್ಲಾಸ್ಮಿಡ್ ಮೇಲೆ ಇರುವುದು 2015ರಲ್ಲಿ ಚೀನಾದ ಹಂದಿಗಳಲ್ಲಿ ಪತ್ತೆಯಾಯಿತು. ನಮ್ಮ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಕೋಳಿ, ಮೀನು ಮುಂತಾದ ಆಹಾರಪ್ರಾಣಿಗಳಿಗೆ ಕೊಲಿಸ್ಟಿನ್ ತಯಾರಿಕೆ ಮತ್ತು ಮಾರಾಟವನ್ನು ನಿಷೇಧಿಸಿತು.

ಶುಂಠಿಗೆ, ಅಡಿಕೆಗೆ ಹಸಿ ಕೋಳಿಗೊಬ್ಬರ ಸುರಿದರೆ, ಕೋಳಿಯ ಕರುಳಿನಲ್ಲಿದ್ದ ಬ್ಯಾಕ್ಟೀರಿಯಾಗಳೂ ಹೊಲಕ್ಕೆ ಬರುತ್ತವೆ. ಗೊಬ್ಬರ ಚೆನ್ನಾಗಿ ಬಿಸಿಯೇರಿ ಕಳಿತರೆ ಅವುಗಳಲ್ಲಿ ಬಹುಪಾಲು ಸಾಯುತ್ತವೆ. ಬೆಳೆಗಳ ಕೊಳೆರೋಗ, ಎಲೆಯಂಗಮಾರಿಗೆಂದು ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬೆರೆತ ಪುಡಿಯನ್ನು ಸಿಂಪಡಿಸುವ ರೂಢಿ ದೇಶದಲ್ಲಿ ವ್ಯಾಪಕವಾಗಿ ಬೆಳೆಯಿತು. ಇದನ್ನು ನಿಲ್ಲಿಸಲು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಕರಡು ಆದೇಶ ಹೊರಡಿಸಿತು. ಕ್ಷಯಕ್ಕೆ ಬಂದ ಔಷಧಿಯನ್ನು ಗದ್ದೆಗೆ ಎರಚುವುದು ಬುದ್ಧಿವಂತಿಕೆಯಲ್ಲ.

ಮೈಲುತುತ್ತದ ಬಗ್ಗೆಯೂ ಒಂದು ಮಾತು. ತಾಮ್ರ ಹೆಚ್ಚಾದ ಮಣ್ಣಿನಲ್ಲಿ ಆಂಟಿಬಯೋಟಿಕ್ ಎದುರಿಸುವ ಬ್ಯಾಕ್ಟೀರಿಯಾಗಳೂ ಹೆಚ್ಚುತ್ತವೆ ಎಂದು ಡೆನ್ಮಾರ್ಕಿನ ಹೊಲಗಳಲ್ಲಿ ಕಂಡುಬಂದಿದೆ. ತಾಮ್ರವನ್ನು ತಡೆಯುವ ಜೀನ್ ಮತ್ತು ಔಷಧಿಯನ್ನು ತಡೆಯುವ ಜೀನ್ ಎಷ್ಟೋ ವೇಳೆ ಒಂದೇ ಉಂಗುರದಲ್ಲಿ ಇರುವುದೇ ಇದಕ್ಕೆ ಕಾರಣ. ಹಾಗೆಂದು ಅಡಿಕೆಗೆ ಬೋರ್ಡೋ ಹೊಡೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಡ್ರಮ್ಮು, ಪಂಪುಗಳನ್ನು ಮಾತ್ರ ಕೆರೆಯಲ್ಲಿ, ಹಳ್ಳದಲ್ಲಿ ತೊಳೆಯಬೇಡಿ.

ಹಕ್ಕಿಗೆ ಗಡಿಯಿಲ್ಲ

ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮವನ್ನು ನೋಡದವರು ನಮ್ಮ ಕಡೆ ಕಡಿಮೆ. ಹಕ್ಕಿಗಳು ಚರಂಡಿ, ತಿಪ್ಪೆ, ಗದ್ದೆ, ಕೆರೆ ಎಲ್ಲ ಕಡೆಯೂ ಮೇಯುತ್ತವೆ. ಒಂದು ದಿನವೂ ಔಷಧಿ ಕಾಣದ ಕಾಡುಹಕ್ಕಿಗಳ ಕರುಳಿನಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಜಗತ್ತಿನ ಅನೇಕ ಕಡೆ ಸಿಕ್ಕಿವೆ. ಉತ್ತರ ಧ್ರುವದ ಸಮೀಪದ ಸ್ವಾಲ್‌ಬಾರ್ಡ್ ದ್ವೀಪಗಳ ಮಣ್ಣಿನಲ್ಲಿಯೂ ಎನ್‌ಡಿಎಂ-1 ಜೀನ್ ಇರುವುದು 2019ರಲ್ಲಿ ವರದಿಯಾಯಿತು. ಹಕ್ಕಿಗಳು, ಪ್ರಾಣಿಗಳು, ಪ್ರವಾಸಿಗಳು ಅದನ್ನು ಅಲ್ಲಿಗೆ ಒಯ್ದಿರಬಹುದು ಎಂದು ವಿಜ್ಞಾನಿಗಳ ಊಹೆ. ಇದರಲ್ಲಿ ಹಕ್ಕಿಯ ತಪ್ಪೇನೂ ಇಲ್ಲ. ನಾವು ಚೆಲ್ಲಿದ್ದನ್ನು ಅದು ಹೆಕ್ಕಿದೆ, ಅಷ್ಟೆ.

ಎಲ್ಲ ಜ್ವರಕ್ಕೂ ಆಂಟಿಬಯೋಟಿಕ್ ಅಲ್ಲ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ವೈದ್ಯಕೀಯ ಪುಸ್ತಕಗಳಲ್ಲಿದೆ. 1957ರಲ್ಲಿ ಅಲ್ಲಿ ಮಂಗಗಳು ಸತ್ತು, ಜನರಿಗೂ ಜ್ವರ ಬಂದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾರಣ ಪತ್ತೆ ಮಾಡಿದರು. ಉಣ್ಣೆಯಿಂದ ಹರಡುವ ಮಂಗನ ಕಾಯಿಲೆಗೆ ಕಾರಣ ವೈರಸ್. ನೆಗಡಿ, ಫ್ಲೂ, ಡೆಂಗೆ ಕೂಡ ವೈರಸ್‌ನಿಂದಲೇ ಬರುತ್ತವೆ. ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾಗಳನ್ನು ಮಾತ್ರ, ವೈರಸ್ ಅನ್ನಲ್ಲ. ಇನ್ನೊಂದೆಡೆ, ಗದ್ದೆ ಕೆಲಸದವರಿಗೆ ಮಳೆಗಾಲದಲ್ಲಿ ಬರುವ ಇಲಿ ಜ್ವರ ಬ್ಯಾಕ್ಟೀರಿಯಾದಿಂದ ಆಗುವಂಥದು. ಅದಕ್ಕೆ ಸಕಾಲದಲ್ಲಿ ಆಂಟಿಬಯೋಟಿಕ್ ಕೊಟ್ಟರೆ ಜೀವ ಉಳಿಯುತ್ತದೆ. ಎರಡೂ ಜ್ವರ, ತಲೆನೋವು, ಮೈಕೈ ನೋವಿನಿಂದಲೇ ಆರಂಭವಾಗುತ್ತವೆ. ಆದ್ದರಿಂದಲೇ ಅಂಗಡಿಯಿಂದ ತಂದ ಮಾತ್ರೆಯನ್ನು ಊಹೆಯ ಮೇಲೆ ನುಂಗುವುದಕ್ಕಿಂತ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸುವುದು ಮೇಲು.

ನೀವೇನು ಮಾಡಬಹುದು?

* ವೈದ್ಯರ ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೊಳ್ಳಬೇಡಿ. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆಯಿದ್ದರೆ ಅದು ಚೀಟಿ ಬೇಕಾದ ಔಷಧಿ ಎಂದು ತಿಳಿಯಿರಿ.

* ವೈದ್ಯರು ಹೇಳಿದಷ್ಟು ದಿನ, ಹೇಳಿದ ಪ್ರಮಾಣದಲ್ಲಿ ನುಂಗಿ. ಉಳಿದ ಮಾತ್ರೆಯನ್ನು ಮುಂದಿನ ಜ್ವರಕ್ಕೆಂದು ಎತ್ತಿಡಬೇಡಿ, ನೆರೆಯವರಿಗೆ ಕೊಡಬೇಡಿ. ಪಾಯಿಖಾನೆಗೆ, ಚರಂಡಿಗೆ, ಕೆರೆಗೆ ಎಸೆಯಲೂಬೇಡಿ.

* ಬಾವಿಗೂ ಪಾಯಿಖಾನೆಯ ಗುಂಡಿಗೂ ಕನಿಷ್ಠ 50 ಅಡಿ ಅಂತರವಿರಲಿ. ಬಾವಿಗೆ ಕಟ್ಟೆ ಕಟ್ಟಿಸಿ. ಮಳೆಗಾಲದಲ್ಲಿ ಬ್ಲೀಚಿಂಗ್ ಪೌಡರನ್ನು ಆರೋಗ್ಯ ಕಾರ್ಯಕರ್ತರು ಹೇಳಿದ ಪ್ರಮಾಣದಲ್ಲಿ ಹಾಕಿಸಿ.

* ಕುಡಿಯುವ ನೀರನ್ನು ಚೆನ್ನಾಗಿ ಮರಳುವವರೆಗೆ ಕುದಿಸಿ, ಆರಿಸಿ ಕುಡಿಯಿರಿ. ಎಷ್ಟೇ ಔಷಧಿಗಳನ್ನು ಗೆದ್ದ ರೋಗಾಣುವಾದರೂ ಕುದಿಯುವ ನೀರನ್ನು ಗೆಲ್ಲಲಾರದು.

* ಪಾಯಿಖಾನೆಗೆ ಹೋಗಿ ಬಂದ ಮೇಲೆ, ಕೊಟ್ಟಿಗೆ ಕೆಲಸದ ನಂತರ, ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯಿರಿ. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಯನ್ನು ಒಳ್ಳೆಯ ನೀರಿನಲ್ಲಿ ತೊಳೆಯಿರಿ.

* ಗೊಬ್ಬರವನ್ನು ಪೂರ್ತಿ ಕಳಿಸಿದ ಮೇಲೆಯೇ ಹೊಲಕ್ಕೆ ಹಾಕಿ. ದನಕ್ಕೆ, ಕೋಳಿಗೆ ಪಶುವೈದ್ಯರನ್ನು ಕೇಳದೆ ಔಷಧಿ ಕೊಡಬೇಡಿ.

* ಮಕ್ಕಳಿಗೆ ಲಸಿಕೆಗಳನ್ನು ತಪ್ಪದೆ ಹಾಕಿಸಿ. ಟೈಫಾಯ್ಡ್ ಲಸಿಕೆಯ ಬಗ್ಗೆ ನಿಮ್ಮ ವೈದ್ಯರನ್ನು ವಿಚಾರಿಸಿ. ಬಾರದ ರೋಗಕ್ಕೆ ಔಷಧಿಯೇ ಬೇಡ.

2019ರ ಒಂದೇ ವರ್ಷದಲ್ಲಿ ಮದ್ದಿಗೆ ಬಗ್ಗದ ರೋಗಾಣುಗಳಿಂದ ನೇರವಾಗಿ ಸತ್ತವರು ಜಗತ್ತಿನಲ್ಲಿ ಸುಮಾರು 12.7 ಲಕ್ಷ ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಬಾಣಂತಿಗೆ ನಂಜಾದಾಗ, ನವಜಾತ ಶಿಶುವಿಗೆ ನ್ಯುಮೋನಿಯಾ ಬಂದಾಗ, ಅಪೆಂಡಿಕ್ಸ್ ಒಡೆದಾಗ ನಮ್ಮ ಕೈ ಹಿಡಿಯುವುದು ಇದೇ ಆಂಟಿಬಯೋಟಿಕ್‌ಗಳು. ಹೊಸ ಔಷಧಿಗಳು ಬರುತ್ತಿರುವುದು ಬಹಳ ನಿಧಾನವಾಗಿ. ಆದರೆ ಒಂದು ಸಮಾಧಾನವಿದೆ. ಗುರಾಣಿ ಹೊರುವುದು ಬ್ಯಾಕ್ಟೀರಿಯಾಕ್ಕೂ ಭಾರವೇ. ಔಷಧಿಯ ಒತ್ತಡ ಇಲ್ಲದ ಕಡೆ ಗುರಾಣಿಯಿಲ್ಲದ ಬ್ಯಾಕ್ಟೀರಿಯಾಗಳು ಎಷ್ಟೋ ಸಲ ನಿಧಾನವಾಗಿ ಮತ್ತೆ ಮೇಲುಗೈ ಪಡೆಯುತ್ತವೆ. ಆದ್ದರಿಂದ ನೀವು ಬೇಡವೆಂದ ಒಂದು ಅನಾವಶ್ಯಕ ಮಾತ್ರೆಯೂ, ಸರಿಯಾಗಿ ಮುಚ್ಚಿದ ಒಂದು ಗುಂಡಿಯೂ ವ್ಯರ್ಥವಲ್ಲ. ಮುಂದಿನ ಸಲ ಜ್ವರ ಬಂದಾಗ ‘ಪವರ್ ಇರೋದು ಕೊಡಿ’ ಎನ್ನುವ ಬದಲು, ‘ಇದಕ್ಕೆ ಆಂಟಿಬಯೋಟಿಕ್ ನಿಜವಾಗಿ ಬೇಕೆ?’ ಎಂದು ನಿಮ್ಮ ವೈದ್ಯರನ್ನು ಕೇಳಿ. ಹಾಗೆ ಕೇಳುವ ಹಕ್ಕು ನಿಮಗಿದೆ.