ಮಹಿಷ ಬಂದಾಗ ನವಿರೆದ್ದ ಮೈ

ಕೊಯ್ಲಾದ ಗದ್ದೆಯ ಮೇಲೆ ಇಬ್ಬನಿ ಇಳಿಯುತ್ತಿದೆ. ದಕ್ಷಿಣ ಕನ್ನಡದ ಹಳ್ಳಿಯೊಂದರಲ್ಲಿ ಬಯಲಾಟ. ಪ್ರಸಂಗ ‘ದೇವೀ ಮಹಾತ್ಮೆ’. ಚಾಪೆ ಬಿಡಿಸಿ ಕುಳಿತವರಲ್ಲಿ ಅರ್ಧ ಮಂದಿ ಶಾಲು ಹೊದ್ದಿದ್ದಾರೆ, ಮಕ್ಕಳು ಕೆಲವರು ಅಮ್ಮಂದಿರ ತೊಡೆಯ ಮೇಲೆ ನಿದ್ದೆಹೋಗಿದ್ದಾರೆ. ಬದುವಿನ ಕಡೆಯಿಂದ ಚರುಮುರಿಯ ಈರುಳ್ಳಿ ಘಾಟೂ ಹುರಿದ ನೆಲಗಡಲೆಯ ಪರಿಮಳವೂ ತೇಲಿ ಬರುತ್ತಿವೆ. ಭಾಗವತರ ದನಿ ಮೇಲೇರಿದೆ, ಚೆಂಡೆಯ ಪೆಟ್ಟು ಬಿರುಸಾಗಿದೆ. ಕುಳಿತವರು ರಂಗಸ್ಥಳ ಬಿಟ್ಟು ಹಿಂದಕ್ಕೆ ತಿರುಗಿ ನೋಡತೊಡಗುತ್ತಾರೆ. ಯಾಕೆಂದರೆ ಮಹಿಷಾಸುರ ಬರುವುದು ಸಭೆಯ ಹಿಂದಿನಿಂದ, ಜನರ ನಡುವೆಯೇ ದಾರಿ ಮಾಡಿಕೊಂಡು.

ದೊಂದಿಗೆ ರಾಳದ ಪುಡಿ ಎರಚಿದ್ದೇ ಬೆಂಕಿ ಭುಗಿಲೆಂದು ಏಳುತ್ತದೆ. ಆ ಬೆಳಕಿನಲ್ಲಿ ಮೊದಲು ಎರಡು ಕೊಂಬು, ಆಮೇಲೆ ಬಣ್ಣ ಬಳಿದ ಮುಖ, ಕಡೆಗೆ ಕಿವಿಗಡಚಿಕ್ಕುವ ಅಬ್ಬರ. ಬದುವಿನ ಮೇಲೆ ಮಲಗಿದ್ದ ನಾಯಿ ಥಟ್ಟನೆ ಎದ್ದು ಗುರುಗುಟ್ಟುತ್ತದೆ, ಬೆನ್ನುದ್ದಕ್ಕೂ ಕೂದಲು ನೆಟ್ಟಗಾಗಿದೆ. ಇತ್ತ ಹುಡುಗಿಯೊಬ್ಬಳ ತೋಳಿನ ತುಂಬ ಸಣ್ಣ ಸಣ್ಣ ಗುಳ್ಳೆ, ಒಂದೊಂದರ ತುದಿಯಲ್ಲೂ ನಿಮಿರಿದ ಎಳೆಗೂದಲು.

“ಚಳಿ ಆಗ್ತದಾ ಮಗಾ?”

“ಇಲ್ಲ ಅಜ್ಜ, ಮಹಿಷ ಬಂದದ್ದಕ್ಕೆ.”

ಇಬ್ಬರ ಮಾತೂ ಸರಿಯೇ. ಚಪ್ಪರದ ಕಂಬಕ್ಕೆ ಓರೆಯಾಗಿ ಬಿಗಿದ ಹಗ್ಗದಂತೆ ಕೂದಲಿನ ಬುಡಕ್ಕೊಂದು ಪುಟ್ಟ ಸ್ನಾಯು ಅಂಟಿಕೊಂಡಿರುತ್ತದೆ. ಅದು ಬಿಗಿದರೆ ಮಲಗಿದ್ದ ಕೂದಲು ಎದ್ದು ನಿಲ್ಲುತ್ತದೆ, ಸುತ್ತಲಿನ ಚರ್ಮ ಉಬ್ಬುತ್ತದೆ. ಬೇಕೆಂದು ಬಿಗಿಯಲು, ಬೇಡವೆಂದು ತಡೆಯಲು ಸಾಮಾನ್ಯವಾಗಿ ಯಾರಿಗೂ ಆಗದು. ಎದೆಬಡಿತ ಏರಿಸುವ ನರಜಾಲವೇ ಈ ಸ್ನಾಯುವಿಗೂ ಅಪ್ಪಣೆ ಕೊಡುತ್ತದೆ. ಚಳಿಯಾದರೂ ಹೆದರಿಕೆಯಾದರೂ ಅಪ್ಪಣೆ ಒಂದೇ. ಕೂದಲೇ ಹುಟ್ಟದ ಅಂಗೈಗೂ ಅಂಗಾಲಿಗೂ ಈ ಗೊಡವೆಯಿಲ್ಲ.

ತುಪ್ಪಳವಿರುವ ಪ್ರಾಣಿಗೆ ಇದರಿಂದ ಎರಡು ಲಾಭ. ಎದ್ದ ಕೂದಲಿನ ನಡುವೆ ಗಾಳಿ ನಿಂತು ಮೈ ಬೆಚ್ಚಗಿರುತ್ತದೆ, ಎದುರಾಳಿಯ ಕಣ್ಣಿಗೆ ದೇಹ ದೊಡ್ಡದಾಗಿ ಕಾಣುತ್ತದೆ. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಪ್ರಾಣಿಗಳ, ಮನುಷ್ಯರ ಭಾವಾಭಿವ್ಯಕ್ತಿಯ ಕುರಿತು ಬರೆದ ಪುಸ್ತಕದಲ್ಲಿ ಈ ಕೂದಲೇಳುವಿಕೆಗೆ ಸಾಕಷ್ಟು ಜಾಗ ಕೊಟ್ಟಿದ್ದ. ನಮ್ಮ ತುಪ್ಪಳ ಹೋಯಿತು, ಸ್ನಾಯು ಉಳಿಯಿತು.

ಚಳಿಯೂ ಇಲ್ಲದೆ, ಭಯವೂ ಇಲ್ಲದೆ ಭಾಗವತರ ಒಂದು ಆಲಾಪಕ್ಕೇ ಮೈ ಜುಮ್ಮೆನ್ನುವುದೂ ಉಂಟು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗೀತ ಕೇಳಿ ರೋಮಾಂಚನಗೊಂಡವರ ಮಿದುಳಿನಲ್ಲಿ ಡೋಪಮಿನ್ ಸ್ರವಿಸುವುದು ಕಂಡುಬಂತು. ಇಷ್ಟದ ಘಟ್ಟ ಬಂದಾಗ ಮಾತ್ರವಲ್ಲ, ಅದು ಇನ್ನೇನು ಬಂದೀತೆಂದು ಕಾಯುವಾಗಲೂ. ಚೆಂಡೆ ಬಿರುಸಾದಾಗಲೇ ಜನ ಹಿಂದಕ್ಕೆ ತಿರುಗಿದ್ದು ಸುಮ್ಮನೆ ಅಲ್ಲ.

ಆ ಸ್ನಾಯುವಿಗೆ ಇನ್ನೊಂದು ಕೆಲಸವೂ ಇದೆಯೆಂದು 2020ರಲ್ಲಿ ಹಾರ್ವರ್ಡ್ ಮತ್ತು ತೈವಾನಿನ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಕೂದಲನ್ನು ಹುಟ್ಟಿಸುವ ಆಕರಕೋಶಗಳಿಗೆ ನರ ತಗುಲಿಕೊಂಡಿರುವುದು ಈ ಸ್ನಾಯುವಿನ ಆಸರೆಯಿಂದ. ದಿನಗಟ್ಟಲೆ ಚಳಿ ಹಿಡಿದರೆ ಅದೇ ನರ ಹೊಸ ಕೂದಲು ಬೆಳೆಸಲು ಸೂಚನೆ ಕೊಡುತ್ತದೆ. ಒಂದು ರಾತ್ರಿಯ ಆಟ ನೋಡಿ ಬೋಳುತಲೆಯಲ್ಲಿ ಕೂದಲು ಚಿಗುರೀತೆಂದು ಯಾರೂ ಆಸೆಪಡಬೇಕಿಲ್ಲ. ಆದರೆ ಇದು ಕೆಲಸಕ್ಕೆ ಬಾರದ ಹಳೇ ಸ್ನಾಯು ಎಂದು ಇನ್ನು ತಳ್ಳಿಹಾಕುವಂತೆಯೂ ಇಲ್ಲ.